ಕೇಳುವ ಕಿವಿ, ಆಡುವ ನಾಲಗೆ: ಇಂಗ್ಲಿಷ್ ತರಗತಿಯಲ್ಲಿ ಆಲಿಸುವಿಕೆ ಮತ್ತು ಮಾತಿನ ಬೋಧನೆ



ಕನ್ನಡದ 'ಕೇಳು' ಎಂಬ ಧಾತುವಿಗೆ ಎರಡು ಅರ್ಥಗಳುಂಟು. ಕಿವಿಗೊಟ್ಟು ಆಲಿಸುವುದೂ ಕೇಳುವುದೇ, ಬಾಯಿಬಿಟ್ಟು ಪ್ರಶ್ನಿಸುವುದೂ ಕೇಳುವುದೇ. ನಮ್ಮ ಪೂರ್ವಿಕರು ವಿದ್ಯಾವಂತನನ್ನು 'ಬಹುಶ್ರುತ' ಎಂದು ಕರೆದರು. ಬಹಳ ಓದಿದವನೆಂದಲ್ಲ, ಬಹಳ ಕೇಳಿದವನೆಂದು. ಹೀಗಿದ್ದೂ ನಮ್ಮ ಇಂಗ್ಲಿಷ್ ತರಗತಿಗಳು ಕಿವಿಯನ್ನೂ ನಾಲಗೆಯನ್ನೂ ಬಹುಕಾಲ ಬದಿಗಿಟ್ಟು ಕಣ್ಣು ಮತ್ತು ಕೈಗಳಿಂದಲೇ ಭಾಷೆಯನ್ನು ಕಲಿಸಲು ಹೊರಟವು. ಪ್ರಶ್ನೆಪತ್ರಿಕೆಯಲ್ಲಿ ಬರುವುದು ಓದು ಮತ್ತು ಬರಹ. ಪ್ರಶ್ನೆಪತ್ರಿಕೆಯಲ್ಲಿ ಬಾರದುದನ್ನು ಕಲಿಸಲು ಯಾರಿಗೂ ವ್ಯವಧಾನವಿಲ್ಲ. ಒಮಾನಿನಲ್ಲಿ ಬದುಕು ಕಟ್ಟಿಕೊಂಡಿರುವ ಕನ್ನಡ ಕುಟುಂಬಗಳಿಗೆ ಇದರಿಂದ ಆಗುತ್ತಿರುವ ನಷ್ಟವೇನು, ಅದನ್ನು ತರಗತಿಯಲ್ಲಿಯೂ ಮನೆಯಲ್ಲಿಯೂ ಹೇಗೆ ತುಂಬಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ನಷ್ಟವೆಂಬುದು ಬರಿಯ ಅಂಕಗಳ ಮಾತಲ್ಲ. ಇಲ್ಲಿನ ಆಸ್ಪತ್ರೆಗಳಲ್ಲಿ ನಮ್ಮ ನಾಡಿನ ದಾದಿಯರಿದ್ದಾರೆ. ತೈಲಕ್ಷೇತ್ರಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ, ಗೋದಾಮುಗಳಲ್ಲಿ ನಮ್ಮ ತಂತ್ರಜ್ಞರೂ ಮೇಲ್ವಿಚಾರಕರೂ ಇದ್ದಾರೆ. ಅವರಿಗೆ ದಿನವೂ ಬರುವ ಆದೇಶಗಳು ಕಾಗದದ ಮೇಲೆ ಬರುವುದಿಲ್ಲ, ದೂರವಾಣಿಯಲ್ಲಿ, ಗದ್ದಲದ ನಡುವೆ, ಅವಸರದ ಬಾಯಿಂದ ಬರುತ್ತವೆ. 'ಫಿಫ್ಟೀನ್' ಎಂದು ಹೇಳಿದ್ದನ್ನು 'ಫಿಫ್ಟಿ' ಎಂದು ಕೇಳಿಸಿಕೊಂಡರೆ 15 ಮಿಲಿಗ್ರಾಂ ಔಷಧ 50 ಮಿಲಿಗ್ರಾಂ ಆಗಿಬಿಡುತ್ತದೆ. ಈ ಎರಡು ಪದಗಳ ಅಂತರವಿರುವುದು ಕೊನೆಯ ನಕಾರದಲ್ಲಿ ಮಾತ್ರವಲ್ಲ. ಮೊದಲನೆಯದರಲ್ಲಿ ಒತ್ತು ಕೊನೆಯ ಭಾಗದ ಮೇಲೆ ಬೀಳುತ್ತದೆ, ಎರಡನೆಯದರಲ್ಲಿ ಆರಂಭದ ಮೇಲೆ. ನಕಾರವು ಗದ್ದಲದಲ್ಲಿ ಅಳಿಸಿಹೋದರೂ ಒತ್ತು ಉಳಿಯುತ್ತದೆ. ಒತ್ತನ್ನು ಆಲಿಸಲು ಕಲಿತವನು ಬಚಾವಾಗುತ್ತಾನೆ. 'ಒನ್ ಫೈವ್', 'ಫೈವ್ ಜೀರೋ' ಎಂದು ಅಂಕಿಗಳನ್ನು ಬಿಡಿಸಿ ಮರುನುಡಿಯುವ ಅಭ್ಯಾಸ ಬೆಳೆದಿರುವುದೂ ಇಂತಹ ಅಪಾಯವನ್ನು ಕಂಡೇ. ಬೇರೆಯವರು ಹೇಳಿದ್ದನ್ನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವುದು ಆಲಿಸುವಿಕೆ ಮತ್ತು ಮಾತು ಎರಡೂ ಕೂಡಿದ ಕೌಶಲ. ಇದನ್ನು ಯಾವ ಪಠ್ಯಪುಸ್ತಕದ ಪ್ರಶ್ನೋತ್ತರವೂ ನಮಗೆ ಕಲಿಸಿಕೊಡಲಿಲ್ಲ.

ಈ ದೇಶದ ಶಿಕ್ಷಣದ ಹಿನ್ನೆಲೆಯನ್ನು ಸ್ವಲ್ಪ ನೆನೆಯುವುದು ಒಳ್ಳೆಯದು. 1970ರ ಜುಲೈ ತಿಂಗಳಲ್ಲಿ ಸುಲ್ತಾನ್ ಖಾಬೂಸ್ ಅವರು ಆಡಳಿತವನ್ನು ವಹಿಸಿಕೊಂಡಾಗ ಒಮಾನಿನಲ್ಲಿದ್ದ ಆಧುನಿಕ ಶಾಲೆಗಳು ಮೂರೇ ಮೂರು; ಕಲಿಯುತ್ತಿದ್ದವರು ಸುಮಾರು 900 ಮಂದಿ ಹುಡುಗರು. ಅಲ್ಲಿಂದ 16 ವರ್ಷಗಳಲ್ಲಿ, 1986ರಲ್ಲಿ, ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯವು ಬಾಗಿಲು ತೆರೆಯಿತು. ಅಲ್ಲಿ ವೈದ್ಯಕೀಯ, ಎಂಜಿನಿಯರಿಂಗ್, ವಿಜ್ಞಾನಗಳ ಬೋಧನೆ ನಡೆಯುವುದು ಇಂಗ್ಲಿಷಿನಲ್ಲಿ. ಆದರೆ ಅಂದಿನ ಸರಕಾರಿ ಶಾಲೆಗಳಲ್ಲಿ ಮಗುವಿಗೆ ಇಂಗ್ಲಿಷ್ ಮೊದಲು ಎದುರಾಗುತ್ತಿದ್ದುದು ನಾಲ್ಕನೆಯ ತರಗತಿಯಲ್ಲಿ. ಅರಬ್ಬಿಯಲ್ಲಿ ಶಾಲೆ ಮುಗಿಸಿದ ತರುಣನು ಒಮ್ಮೆಲೇ ಒಂದು ಗಂಟೆಯ ಇಂಗ್ಲಿಷ್ ಉಪನ್ಯಾಸವನ್ನು ಕಿವಿಯಿಂದ ಹಿಡಿದು ಟಿಪ್ಪಣಿ ಬರೆದುಕೊಳ್ಳಬೇಕಾಗಿ ಬಂದಾಗ ಎಷ್ಟು ಕಷ್ಟಪಟ್ಟಿರಬಹುದೆಂಬುದನ್ನು, ಕನ್ನಡ ಮಾಧ್ಯಮದಿಂದ ಪಿ.ಯು.ಸಿ. ವಿಜ್ಞಾನಕ್ಕೆ ಹೋದ ನಮ್ಮಲ್ಲನೇಕರು ವಿವರಣೆಯಿಲ್ಲದೆ ಬಲ್ಲೆವು. 1998-99ರಲ್ಲಿ ಮೂಲಶಿಕ್ಷಣವೆಂಬ ಹೊಸ ವ್ಯವಸ್ಥೆ ಬಂದಾಗ ಇಂಗ್ಲಿಷನ್ನು ಒಂದನೆಯ ತರಗತಿಗೇ ತರಲಾಯಿತು. ಕರ್ನಾಟಕದ ಸರಕಾರಿ ಶಾಲೆಗಳಿಗೆ ಇದೇ ಬದಲಾವಣೆ ಬಂದದ್ದು 2007-08ರಲ್ಲಿ. ಬೇಗ ಆರಂಭಿಸಿದರೆ ಸಾಕು, ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಎರಡೂ ಕಡೆ ಇತ್ತು. ಬೇಗ ಆರಂಭಿಸಿ ಅಕ್ಷರಮಾಲೆಯನ್ನೇ ತಿದ್ದಿಸಿದರೆ ಏನೂ ಸರಿಹೋಗದು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಮಕ್ಕಳು ಹೆಚ್ಚಾಗಿ ಕಲಿಯುವುದು ಭಾರತೀಯ ಶಾಲೆಗಳಲ್ಲಿ. 1975ರಲ್ಲಿ ಸ್ಥಾಪನೆಯಾದ ಇಂಡಿಯನ್ ಸ್ಕೂಲ್ ಮಸ್ಕತ್ ಮೊದಲ್ಗೊಂಡು ದಾರ್‌ಸೈತ್, ವಾದಿ ಕಬೀರ್, ಗುಬ್ರಾ, ಸೋಹಾರ್, ಸಲಾಲಾಗಳವರೆಗೆ ಈ ಶಾಲೆಗಳು ಹಬ್ಬಿವೆ, ಅನುಸರಿಸುವುದು ಸಿ.ಬಿ.ಎಸ್.ಇ. ಪಠ್ಯಕ್ರಮವನ್ನು. ಆಲಿಸುವಿಕೆ ಮತ್ತು ಮಾತಿಗೆ ಪ್ರತ್ಯೇಕ ಮೌಲ್ಯಮಾಪನವನ್ನು ಸಿ.ಬಿ.ಎಸ್.ಇ. ಜಾರಿಗೆ ತಂದದ್ದು 2010ರ ದಶಕದ ಆರಂಭದಲ್ಲಿ. ಆಮೇಲೆ ಅದರ ಸ್ವರೂಪ ಹಲವು ಸಲ ಬದಲಾಗಿದೆ, ಆ ಇತಿಹಾಸ ಇಲ್ಲಿ ಬೇಡ. ಗಮನಿಸಬೇಕಾದ ಸಂಗತಿಯೆಂದರೆ, ಅಂಕಗಳು ಬಂದೊಡನೆ ಕಲಿಸುವಿಕೆ ಬಂತೆಂದು ತಿಳಿಯಬಾರದು. ಮುದ್ರಿತ ಧ್ವನಿಯನ್ನು ಒಮ್ಮೆ ಕೇಳಿಸಿ ಹತ್ತು ಪ್ರಶ್ನೆ ಹಾಕುವುದು ಪರೀಕ್ಷೆ. ಈಜು ಬಾರದವನನ್ನು ಬಾವಿಗೆ ನೂಕಿ ಅವನು ಎಷ್ಟು ಹೊತ್ತು ತೇಲಿದನೆಂದು ಬರೆದಿಟ್ಟುಕೊಂಡ ಮಾತ್ರಕ್ಕೆ ನಾವು ಈಜು ಕಲಿಸಿದಂತಾಗುವುದಿಲ್ಲ.

ಹಾಗಾದರೆ ಆಲಿಸುವಿಕೆಯಲ್ಲಿ ಕಲಿಸಬೇಕಾದುದು ಏನು? ಪದಗಳ ಅರ್ಥ ಗೊತ್ತಿದ್ದರೆ ಕೇಳಿದ್ದು ತಾನಾಗಿ ತಿಳಿಯುತ್ತದೆ ಎಂದು ಬಹುಮಂದಿ ಭಾವಿಸುತ್ತಾರೆ. ಆದರೆ ಆಡುಮಾತಿನಲ್ಲಿ ಪದಗಳ ನಡುವೆ ಬರಹದಲ್ಲಿರುವಂತೆ ಖಾಲಿ ಜಾಗವಿರುವುದಿಲ್ಲ. 'ಲೆಟ್ ಹಿಮ್ ಗೋ' ಎಂಬುದು ಇಂಗ್ಲಿಷರ ಬಾಯಲ್ಲಿ 'ಲೆಟಿಮ್ಗೋ' ಆಗುತ್ತದೆ. 'ಎ ಕಪ್ ಆಫ್ ಟೀ' ಎಂಬುದು 'ಅಕಪ್ಪಟೀ' ಎಂದು ಕೇಳಿಸುತ್ತದೆ. 'ಐ ಕ್ಯಾನ್ ಗೋ' ಎಂಬಲ್ಲಿ ನಡುವಿನ ಪದ ಬಾಡಿ 'ಕನ್' ಎಂದಷ್ಟೇ ಉಳಿಯುತ್ತದೆ. 'ಕಾನ್ಟ್' ಎಂಬ ನಿಷೇಧರೂಪ ಮಾತ್ರ ಪೂರ್ಣ ಒತ್ತಿನೊಡನೆ ಬರುತ್ತದೆ. ಎಲ್ಲ ಪದಗಳನ್ನೂ ಸಮನಾಗಿ ಒತ್ತಿ ನುಡಿಯುವ ನಮ್ಮವರು 'ಕ್ಯಾನ್' ಎಂದು ಸ್ಪಷ್ಟವಾಗಿ ಒತ್ತಿ ಹೇಳಿದಾಗ ಎದುರಿನ ಆಂಗ್ಲನೋ ಅಮೆರಿಕನ್ನನೋ ಅದನ್ನೇ 'ಆಗುವುದಿಲ್ಲ' ಎಂದು ತಿಳಿಯುವುದುಂಟು. ಹೌದೆಂದು ಹೇಳಿ ಅಲ್ಲವೆನಿಸಿಕೊಳ್ಳುವ ಈ ಪ್ರಸಂಗ ಕಚೇರಿಗಳಲ್ಲಿ ಅಪರೂಪವೇನಲ್ಲ.

ಇದನ್ನು ಮಕ್ಕಳಿಗೆ ತಿಳಿಸಲು ಪರದೇಶದ ಶಾಸ್ತ್ರಗ್ರಂಥಗಳು ಬೇಕಿಲ್ಲ. 'ಏನು ಮಾಡುತ್ತಾ ಇದ್ದೀಯೆ' ಎಂದು ನಾವು ಬರೆಯುತ್ತೇವೆ, 'ಏನ್ಮಾಡ್ತಿದ್ದೀ' ಎಂದು ಆಡುತ್ತೇವೆ. ಬರೆದ ಹಾಗೆ ಆಡುವ ಭಾಷೆ ಕನ್ನಡ ಎಂಬ ಹೆಮ್ಮೆಯ ಮಾತಿದೆಯಷ್ಟೆ. ಅದು ಅಕ್ಷರಗಳ ಮಟ್ಟಿಗೆ ನಿಜ, ವಾಕ್ಯಗಳ ಮಟ್ಟಿಗೆ ಅಲ್ಲ. ಒಮಾನಿ ಮಕ್ಕಳ ಬಳಿಯೂ ಇಂತಹುದೇ ನಿದರ್ಶನಗಳಿವೆ. 'ಅಲ್' ಮತ್ತು 'ಶಮ್ಸ್' ಸೇರಿದಾಗ ಅವರು ಬರೆಯುವುದು ಲಕಾರಸಹಿತವಾಗಿ, ನುಡಿಯುವುದು 'ಅಶ್ಶಮ್ಸ್' ಎಂದು. ಸಂಧಿಕಾರ್ಯವನ್ನು ಬಲ್ಲ ಕನ್ನಡಿಗನಿಗೆ ಇದು ಎಷ್ಟು ಪರಿಚಿತವಾದ ವ್ಯಾಪಾರ! ಇಲ್ಲಿಯ ಶಾಲೆಗಳಲ್ಲಿ ಪಾಠ ಹೇಳುವಾಗ ನಾವು ಈ ಒಂದು ಉದಾಹರಣೆಯನ್ನು ಕರಿಹಲಗೆಯ ಮೇಲೆ ಬರೆದು 'ಇಂಗ್ಲಿಷರೂ ನಿಮ್ಮ ಹಾಗೆಯೇ ಮಾಡುತ್ತಾರೆ' ಎಂದು ಹೇಳಿದಾಗ ಮಕ್ಕಳ ಮುಖ ಅರಳಿದ್ದನ್ನು ಕಂಡಿದ್ದೇವೆ. ತನ್ನ ತಾಯಿನುಡಿಯಲ್ಲಿ ತಾನು ದಿನವೂ ಮಾಡುವ ಕೆಲಸವನ್ನೇ ಇನ್ನೊಂದು ಭಾಷೆಯಲ್ಲಿ ಗುರುತಿಸಬೇಕು ಎಂದಾಗ ಭಯ ಅರ್ಧಕ್ಕರ್ಧ ಇಳಿಯುತ್ತದೆ.

ಧ್ವನಿಗಳ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಅರಬ್ಬಿಯಲ್ಲಿ ಪಕಾರವಿಲ್ಲ, ಆದುದರಿಂದ 'ಪಾರ್ಕಿಂಗ್' ಎಂಬುದು 'ಬಾರ್ಕಿಂಗ್' ಆಗುತ್ತದೆಂದು ನಮ್ಮವರು ನಗುತ್ತಾರೆ. ಆದರೆ 'ಥಿಂಕ್' ಎಂಬಲ್ಲಿ ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಊದುವ ಧ್ವನಿ ಅರಬ್ಬಿಯಲ್ಲಿ ಸಹಜವಾಗಿದೆ, ನಮ್ಮಲ್ಲಿಲ್ಲ. ನಾವು ಅಲ್ಲಿ ತಕಾರದ ಮಹಾಪ್ರಾಣವನ್ನು ತಂದು ಕೂರಿಸುತ್ತೇವೆ. 'ಎಗ್' ಎಂಬುದು ನಮ್ಮ ಬಾಯಲ್ಲಿ 'ಯೆಗ್' ಆಗುತ್ತದೆ, 'ಓನ್ಲಿ' ಎಂಬುದು 'ವೋನ್ಲಿ' ಆಗುತ್ತದೆ, 'ಬಸ್' ಎಂಬುದಕ್ಕೆ ಬಾಲವೊಂದು ಬೆಳೆದು 'ಬಸ್ಸು' ಆಗುತ್ತದೆ. ಇಂಗ್ಲಿಷಿನ 'ವಿ' ಮತ್ತು 'ಡಬ್ಲ್ಯು' ಎರಡಕ್ಕೂ ನಮ್ಮಲ್ಲಿರುವುದು ಒಂದೇ ವಕಾರ. ಓದಿನಲ್ಲಿಯೂ ಇಂತಹ ಭೇದವಿದೆ. ಅರಬ್ಬಿ ಬರಹದಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ಒಮಾನಿ ವಿದ್ಯಾರ್ಥಿಯ ಕಣ್ಣು ಇಂಗ್ಲಿಷ್ ಪದದಲ್ಲಿಯೂ ವ್ಯಂಜನಗಳನ್ನೇ ಅರಸುತ್ತದೆ. ಪ್ರತಿಯೊಂದು ಸ್ವರಕ್ಕೂ ಚಿಹ್ನೆಯಿರುವ ಲಿಪಿಯಲ್ಲಿ ಬೆಳೆದ ನಮ್ಮ ಮಕ್ಕಳು ಬರೆದುದನ್ನೆಲ್ಲ ಉಚ್ಚರಿಸಲು ಹೊರಡುತ್ತಾರೆ. ಒಬ್ಬರ ಕೊರತೆ ಇನ್ನೊಬ್ಬರ ಬಲ. ಇಬ್ಬರನ್ನೂ ಒಂದೇ ಮೇಜಿನ ಬಳಿ ಕೂರಿಸಿದರೆ ಒಳ್ಳೆಯ ತರಗತಿಯಾಗುತ್ತದೆ.

ಇಷ್ಟೆಲ್ಲ ದೋಷಗಳನ್ನು ತಿದ್ದಿ ಬಿ.ಬಿ.ಸಿ.ಯ ವಾರ್ತಾವಾಚಕರಂತೆ ಮಾತನಾಡಿಸಬೇಕೆ? ಬೇಕಿಲ್ಲ. ಮಸ್ಕತ್ತಿನ ಒಂದು ಕಚೇರಿಯಲ್ಲಿ ಒಮಾನಿ ಅಧಿಕಾರಿ, ಮಂಗಳೂರಿನ ಲೆಕ್ಕಿಗ, ಫಿಲಿಪ್ಪೀನ್ಸಿನ ಕಾರ್ಯದರ್ಶಿ, ಈಜಿಪ್ಟಿನ ಎಂಜಿನಿಯರ್ ಇಂಗ್ಲಿಷಿನಲ್ಲಿ ಮಾತನಾಡುವಾಗ ಅವರಲ್ಲಿ ಯಾರಿಗೂ ಅದು ತಾಯಿನುಡಿಯಲ್ಲ. ಇಂತಹ ಸಂಭಾಷಣೆಗಳನ್ನು ಅಭ್ಯಸಿಸಿದ ಜೆನಿಫರ್ ಜೆಂಕಿನ್ಸ್ ಎಂಬ ವಿದ್ವಾಂಸೆಯು 2000ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪರಸ್ಪರ ಅರ್ಥವಾಗಲು ಅತ್ಯಗತ್ಯವಾದ ಅಂಶಗಳು ಕೆಲವೇ ಎಂದು ತೋರಿಸಿಕೊಟ್ಟಿದ್ದಾರೆ: ಹ್ರಸ್ವ ದೀರ್ಘಗಳ ಭೇದ, ಬಹುತೇಕ ವ್ಯಂಜನಗಳು, ಪದಾರಂಭದ ವ್ಯಂಜನಸಂಯೋಗಗಳು, ವಾಕ್ಯದಲ್ಲಿ ಮುಖ್ಯಪದದ ಮೇಲೆ ಬೀಳುವ ಒತ್ತು. 'ಥಿಂಕ್' ಪದದ ಆ ಊದುಧ್ವನಿ ಅವರ ಪಟ್ಟಿಯಲ್ಲಿಲ್ಲ. ಎಂದರೆ ನಮ್ಮ ಶಾಲೆಗಳು ಯಾವುದನ್ನು ಹಿಡಿದು ಮಕ್ಕಳನ್ನು ಹಾಸ್ಯ ಮಾಡುತ್ತಿದ್ದವೋ ಅದು ಅಷ್ಟೇನೂ ಮುಖ್ಯವಲ್ಲ. ಯಾವುದನ್ನು ಹೇಳಿಕೊಡಲೇ ಇಲ್ಲವೋ, ಆ ವಾಕ್ಯದ ಒತ್ತು ಬಹಳ ಮುಖ್ಯ. ಹ್ರಸ್ವ ದೀರ್ಘಗಳ ಭೇದವಂತೂ ಕನ್ನಡಕ್ಕೂ ಅರಬ್ಬಿಗೂ ಹುಟ್ಟಿನಿಂದ ಬಂದ ಸೊತ್ತು.

ಬೋಧನೆಯ ವಿಧಾನಕ್ಕೆ ಬರೋಣ. ಇಲ್ಲಿ ನಮ್ಮ ನಾಡಿನದೇ ಒಂದು ದೊಡ್ಡ ಪ್ರಯೋಗವನ್ನು ಸ್ಮರಿಸಬೇಕು. ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು 1979ರಿಂದ 1984ರವರೆಗೆ ದಕ್ಷಿಣಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಎನ್. ಎಸ್. ಪ್ರಭು ಅವರು ನಡೆಸಿದ ಯೋಜನೆಯು ಜಗತ್ತಿನ ಭಾಷಾಬೋಧಕರ ನಡುವೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಪ್ರಸಿದ್ಧವಾಗಿದೆ. ಅದಕ್ಕೆ ಮುಂಚೆ ನಮ್ಮಲ್ಲಿ ವಾಕ್ಯರಚನೆಗಳನ್ನು ಒಂದರ ಮೇಲೊಂದು ಜೋಡಿಸಿ, ಇಡೀ ತರಗತಿಯಿಂದ ಒಕ್ಕೊರಲಿನಲ್ಲಿ ಹೇಳಿಸುವ ಪದ್ಧತಿ ಬಳಕೆಯಲ್ಲಿತ್ತು. 'ದಿಸ್ ಈಸ್ ಎ ಪೆನ್' ಎಂದು ಪೆನ್ನನ್ನು ಎತ್ತಿ ಹಿಡಿದ ಉಪಾಧ್ಯಾಯರನ್ನು ಮರೆತವರು ಈ ಸಭೆಯಲ್ಲಿ ಯಾರೂ ಇರಲಾರರು. ಪ್ರಭು ಅವರ ವಾದವು ಇದಕ್ಕೆ ವಿರುದ್ಧವಾದುದು: ಮನಸ್ಸು ಅರ್ಥದಲ್ಲಿ ತೊಡಗಿದಾಗಲೇ ಭಾಷೆಯ ರೂಪವು ಒಳಗಿಳಿಯುತ್ತದೆ. ಆದುದರಿಂದ ಅವರ ತರಗತಿಗಳಲ್ಲಿ ವ್ಯಾಕರಣಪಾಠದ ಬದಲು ರೈಲ್ವೆ ವೇಳಾಪಟ್ಟಿಗಳು, ಊರಿನ ನಕ್ಷೆಗಳು, ಮನೆಯ ಯೋಜನಾಚಿತ್ರಗಳು ಬಂದವು. ಮೊದಲು ಉಪಾಧ್ಯಾಯರು ಇಡೀ ತರಗತಿಯೊಡನೆ ಪ್ರಶ್ನೋತ್ತರದ ಮೂಲಕ ಒಂದು ಸಮಸ್ಯೆಯನ್ನು ಬಿಡಿಸುತ್ತಿದ್ದರು. ಅನಂತರ ಅದೇ ಬಗೆಯ ಇನ್ನೊಂದನ್ನು ಪ್ರತಿ ವಿದ್ಯಾರ್ಥಿಯೂ ಸ್ವತಃ ಬಿಡಿಸಬೇಕಾಗಿತ್ತು.

ಈ ಪ್ರಯೋಗದಲ್ಲಿ ನಮಗೆ ಬಹು ಮುಖ್ಯವೆಂದು ತೋರುವುದು ಮಾತಿನ ಒತ್ತಾಯವಿಲ್ಲದಿದ್ದುದು. ಮಗು ಒಂದು ಪದದಲ್ಲಿ ಉತ್ತರಿಸಿದರೂ, ಬೆರಳು ತೋರಿದರೂ ಸರಿಯೇ. ಕೇಳಿದ್ದು ಅರ್ಥವಾಗಿದೆ ಎಂಬುದಕ್ಕೆ ಅಷ್ಟು ಸಾಕು. 'ಪೂರ್ಣ ವಾಕ್ಯದಲ್ಲಿ ಹೇಳು' ಎಂಬ ಗದರಿಕೆಯು ಎಷ್ಟು ಮಕ್ಕಳ ಬಾಯಿ ಮುಚ್ಚಿಸಿದೆಯೋ ಲೆಕ್ಕವಿಟ್ಟವರಿಲ್ಲ. ಇನ್ನೊಂದು ವಿಷಯವನ್ನೂ ಹೇಳಬೇಕು. ಇಂದು ಮಕ್ಕಳನ್ನು ಗುಂಪು ಮಾಡಿ ಬಿಟ್ಟುಬಿಡುವುದೇ ಹೊಸ ಪದ್ಧತಿಯೆಂದು ಅನೇಕರು ತಿಳಿದಿದ್ದಾರೆ. ಪ್ರಭು ಅವರು ಗುಂಪುಕೆಲಸವನ್ನು ಪ್ರೋತ್ಸಾಹಿಸಲಿಲ್ಲ. ಮಕ್ಕಳು ತಮ್ಮ ತಮ್ಮ ಅರೆಬರೆ ಭಾಷೆಯನ್ನೇ ಕೇಳಿ ಗಟ್ಟಿ ಮಾಡಿಕೊಂಡಾರು ಎಂಬುದು ಅವರ ಅಳುಕು. ಈ ಒಂದು ವಿಷಯದಲ್ಲಿ ನಾವು ಅವರನ್ನು ಪೂರ್ತಿಯಾಗಿ ಒಪ್ಪಲಾರೆವು. ಅವರ ತರಗತಿಗಳಲ್ಲಿ ಎಲ್ಲರಿಗೂ ಬಹುಮಟ್ಟಿಗೆ ಸಾಮಾನ್ಯವಾದ ತಾಯಿನುಡಿಯೊಂದಿತ್ತು, ಗುಂಪಿಗೆ ಬಿಟ್ಟರೆ ಅದಕ್ಕೇ ಹೊರಳುತ್ತಿದ್ದರು. ಮಸ್ಕತ್ತಿನ ಒಂದು ಬೆಂಚಿನ ಮೇಲೆ ಕನ್ನಡ, ಮಲಯಾಳ, ತಮಿಳು, ಗುಜರಾತಿ ಮನೆಗಳ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಸರಕಾರಿ ಶಾಲೆಗೆ ಹೋದರೆ ಅರಬ್ಬಿಯ ಜೊತೆಗೆ ಬಲೂಚಿ, ಸ್ವಾಹಿಲಿ, ದೋಫಾರಿನಲ್ಲಿ ಜಿಬ್ಬಾಲಿ ಮನೆಮಾತಿನ ಮಕ್ಕಳಿರುತ್ತಾರೆ. ಇಲ್ಲಿ ಗುಂಪಿಗೆ ಇಂಗ್ಲಿಷ್ ನಿಜವಾಗಿಯೂ ಬೇಕಾಗುತ್ತದೆ.

ಸುಲಭವಾದ ಒಂದೆರಡು ಪಾಠಗಳನ್ನು ಸೂಚಿಸಬಹುದು. ಮಸ್ಕತ್ತಿನಿಂದ ಸಲಾಲಾಕ್ಕೆ ಸುಮಾರು 1000 ಕಿಲೋಮೀಟರು ದೂರ. ಬಸ್ಸುಗಳು ರಾತ್ರಿಯಿಡೀ ಓಡುತ್ತವೆ. ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಹೊರಡುವ ಮತ್ತು ತಲಪುವ ಸಮಯಗಳಿರಲಿ, ಇನ್ನೊಬ್ಬನ ಕೈಯಲ್ಲಿ ಟಿಕೆಟಿನ ದರ ಮತ್ತು ಖಾಲಿ ಆಸನಗಳ ವಿವರವಿರಲಿ. ಒಬ್ಬರ ಕಾಗದವನ್ನು ಇನ್ನೊಬ್ಬರು ನೋಡಕೂಡದು. ಖರೀಫ್ ಕಾಲದಲ್ಲಿ ನಾಲ್ಕು ಜನರ ಕುಟುಂಬವೊಂದು ಇಂತಿಷ್ಟು ರಿಯಾಲಿನೊಳಗೆ ಶುಕ್ರವಾರ ಮಧ್ಯಾಹ್ನದ ಮುಂಚೆ ಸಲಾಲಾ ತಲಪಬೇಕು. ಇಬ್ಬರೂ ಪರಸ್ಪರ ಕೇಳದೆ, ಎರಡೂ ಅರ್ಥದಲ್ಲಿ ಕೇಳದೆ, ಉತ್ತರ ಸಿಗುವುದಿಲ್ಲ. ಹಾಗೆಯೇ ನಮ್ಮ ಹಳೆಯ ಉಕ್ತಲೇಖನವನ್ನೂ ಸುಧಾರಿಸಬಹುದು. ಉಪಾಧ್ಯಾಯರು ಪದಪದವನ್ನೂ ಬಿಡಿಸಿ ಓದಿ ಬರೆಸುವಾಗ ಮಗುವಿಗೆ ಸಹಜವಾದ ಮಾತಿನ ಓಟವೇ ಕಿವಿಗೆ ಬೀಳುವುದಿಲ್ಲ. ಅದರ ಬದಲು ನಾಲ್ಕೈದು ವಾಕ್ಯಗಳ ಒಂದು ಪ್ರಸಂಗವನ್ನು ಸಹಜ ವೇಗದಲ್ಲಿ ಎರಡು ಸಲ ಓದಿ, ಮಕ್ಕಳು ಮುಖ್ಯ ಪದಗಳನ್ನಷ್ಟೇ ಗುರುತುಹಾಕಿಕೊಂಡು, ಆಮೇಲೆ ಕೂಡಿ ಚರ್ಚಿಸಿ ಇಡೀ ಪ್ರಸಂಗವನ್ನು ಪುನಃ ಕಟ್ಟಲಿ. ರೂತ್ ವಾಯನ್‌ರಿಬ್ ಎಂಬವರು 1990ರಲ್ಲಿ ಈ ವಿಧಾನದ ಬಗ್ಗೆಯೇ ಒಂದು ಪುಸ್ತಕ ಬರೆದರು. ಯಂತ್ರೋಪಕರಣಗಳೇನೂ ಬೇಡ, ಉಪಾಧ್ಯಾಯರ ಧ್ವನಿಯೇ ಸಾಕು.

ಮಾತಿನ ಬೋಧನೆಯಲ್ಲಿ ದೊಡ್ಡ ವಿಘ್ನವೆಂದರೆ ಉಪಾಧ್ಯಾಯರ ಅವಸರ. ಅಮೆರಿಕದ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಅಳೆದು ನೋಡಿದಾಗ, ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಕಾಯುತ್ತಿದ್ದುದು ಸರಾಸರಿ ಒಂದು ಸೆಕೆಂಡು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ದೀರ್ಘವಾದವು, ಸದಾ ಮೌನವಾಗಿರುತ್ತಿದ್ದವರೂ ಬಾಯ್ತೆರೆದರು. ತಾಯಿನುಡಿಯಲ್ಲಿ ಉತ್ತರಿಸುವ ಮಕ್ಕಳಿಗೇ ಇಷ್ಟು ಕಾಲ ಬೇಕಾದರೆ ಪರಭಾಷೆಯಲ್ಲಿ ಉತ್ತರಿಸುವ ಮಗುವಿಗೆ ಎಷ್ಟು ಬೇಕು? ಮೂರು ಸೆಕೆಂಡಿನ ಮೌನವನ್ನು ಸಹಿಸುವುದು ಹೇಳಿದಷ್ಟು ಸುಲಭವಲ್ಲ. ಬೇಕಿದ್ದವರು ಈ ಸಂಜೆಯೇ ಮನೆಯಲ್ಲಿ ಪ್ರಯೋಗಿಸಿ ನೋಡಬಹುದು.

ಭಾಷಣಸ್ಪರ್ಧೆಗಳ ಬಗ್ಗೆ ಒಂದು ಮಾತು. ತಂದೆಯವರು ಬರೆದುಕೊಟ್ಟ ನಾಲ್ಕು ಪುಟಗಳನ್ನು ಬಾಯಿಪಾಠ ಮಾಡಿ ಕೈಬೀಸಿ ಒಪ್ಪಿಸಿ ಗೆದ್ದ ಬಟ್ಟಲುಗಳು ನಮ್ಮ ಮನೆಗಳ ಗಾಜಿನ ಕಪಾಟುಗಳಲ್ಲಿ ಬೇಕಾದಷ್ಟಿವೆ. ಅದು ಧಾರಣಶಕ್ತಿಯ ಸಾಧನೆ, ಅದಕ್ಕೆ ಬೆಲೆಯಿದೆ. ಆದರೆ ಅದೇ ಮಗುವನ್ನು ಸಭಿಕರೊಬ್ಬರು ನಡುವೆ ತಡೆದು 'ನೀನು ಹೇಳಿದ್ದು ಸರಿಯೆ?' ಎಂದು ಕೇಳಿದರೆ ಏನಾದೀತು? ನಿಜವಾದ ಮಾತಿನ ಕೌಶಲವು ಎದುರಾಳಿಯ ಮಾತನ್ನು ಆಲಿಸಿ, ಅದರಿಂದಲೇ ತನ್ನ ಉತ್ತರವನ್ನು ಹೊಸೆಯುವುದರಲ್ಲಿದೆ. ಇದಕ್ಕೆ ಕರಾವಳಿಯ ತಾಳಮದ್ದಲೆಗಿಂತ ಉತ್ತಮವಾದ ಮಾದರಿಯನ್ನು ನಾವು ಕಾಣೆವು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯವನ್ನು ಹಾಡುತ್ತಾರೆ, ಅರ್ಥಧಾರಿಯು ಆ ಚೌಕಟ್ಟಿನೊಳಗೆ ಆಶುವಾಗಿ ಮಾತು ಕಟ್ಟುತ್ತಾನೆ, ಎದುರಿನ ಅರ್ಥಧಾರಿ ಎಸೆದ ಪ್ರಶ್ನೆಗೆ ಅಲ್ಲೇ ಜವಾಬು ಕೊಡಬೇಕು. ಕಿವಿ ಮಂದವಾದ ಅರ್ಥಧಾರಿ ಎಷ್ಟು ವಿದ್ವಾಂಸನಾದರೂ ಸೋಲುತ್ತಾನೆ. ಒಂಬತ್ತನೆಯ ತರಗತಿಯ ಇಂಗ್ಲಿಷ್ ಪಾಠದ ಕಥೆಯೊಂದನ್ನು ತೆಗೆದುಕೊಂಡು, ಎರಡು ಪಾತ್ರಗಳನ್ನು ಎದುರುಬದುರು ಕೂರಿಸಿ, ಉಪಾಧ್ಯಾಯರೇ ಭಾಗವತರಾಗಿ ಕಥೆಯ ಒಂದೊಂದು ವಾಕ್ಯವನ್ನು ಓದಿ ಮಾತನ್ನು ಬಿಟ್ಟುಕೊಡುವ ಆಟವನ್ನು ಯಾರೂ ಮಾಡಿಸಬಹುದು. ಆಲಿಸುವಿಕೆಗೂ ನಮ್ಮಲ್ಲಿ ಗಮಕದ ಮಾದರಿಯಿದೆ. ಗಮಕಿಯು ವಾಚಿಸುತ್ತಾನೆ, ವ್ಯಾಖ್ಯಾನಕಾರನು ನಿಲ್ಲಿಸಿ ನಿಲ್ಲಿಸಿ ಬಿಡಿಸುತ್ತಾನೆ. ಅಕ್ಷರ ಬಾರದ ಶ್ರೋತೃವಿಗೂ ಗದುಗಿನ ಭಾರತ ತಿಳಿಯುತ್ತದೆ. ಒಮಾನಿಗರಲ್ಲಿಯೂ ಊರ ಹಿರಿಯರು ಕೂಡುವ 'ಸಬ್ಲಾ' ಎಂಬ ಚಾವಡಿಯಲ್ಲಿ ಹುಡುಗರು ಕುಳಿತು ಕೇಳಿಯೇ ಸಭ್ಯವಾದ ಮಾತುಗಾರಿಕೆಯನ್ನು ಕಲಿಯುತ್ತಿದ್ದರು.

ಕೊನೆಯಲ್ಲಿ, ಹೇಳಲೇಬೇಕಾದ ಮತ್ತು ಕೆಲವರಿಗೆ ಹಿತವೆನಿಸದ ಮಾತು. ಮಗುವಿನ ಇಂಗ್ಲಿಷ್ ಸುಧಾರಿಸಲಿ ಎಂಬ ಸದಾಶಯದಿಂದ ಅನೇಕ ಮನೆಗಳಲ್ಲಿ ಕನ್ನಡವನ್ನು, ತುಳುವನ್ನು, ಕೊಂಕಣಿಯನ್ನು, ಬ್ಯಾರಿಯನ್ನು ನಿಲ್ಲಿಸಿಬಿಟ್ಟಿದ್ದಾರೆ. ತಾಯಿತಂದೆಯರು ತಮಗೇ ಪೂರ್ಣವಾಗಿ ಒಲಿಯದ ಇಂಗ್ಲಿಷಿನಲ್ಲಿ 'ಕಮ್', 'ಈಟ್', 'ಡೂ ಹೋಮ್‌ವರ್ಕ್' ಎಂದು ಮೂರು ಪದಗಳ ಆಜ್ಞೆಗಳನ್ನು ಹೊರಡಿಸುತ್ತಾರೆ. ಇದರಿಂದ ಮಗುವಿಗೆ ಸಿಗುವುದು ಇಂಗ್ಲಿಷಲ್ಲ, ಬಡವಾದ ಮಾತುಕತೆ. ಕೆನಡಾದ ಜಿಮ್ ಕಮ್ಮಿನ್ಸ್ ಎಂಬ ವಿದ್ವಾಂಸರು 1979ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಒಂದು ಭಾಷೆಯಲ್ಲಿ ಆಳವಾಗಿ ಬೆಳೆದ ಸಾಮರ್ಥ್ಯವು ಇನ್ನೊಂದಕ್ಕೆ ಒದಗಿಬರುತ್ತದೆ. ಕಥೆಯ ಕೊಂಡಿಯನ್ನು ಹಿಡಿದು ಕೇಳುವುದು, ಮುಂದೇನಾದೀತೆಂದು ಊಹಿಸುವುದು, ಹೇಳದೆ ಬಿಟ್ಟುದನ್ನು ಗ್ರಹಿಸುವುದು, ಕಾರಣವನ್ನು ಜೋಡಿಸಿ ಮಾತನಾಡುವುದು - ಇವು ಯಾವ ಭಾಷೆಯಲ್ಲಿ ಕಲಿತರೂ ಕಲಿತಂತೆಯೇ. ಅಜ್ಜಿಯ ಅರ್ಧ ಗಂಟೆಯ ಕನ್ನಡ ಕಥೆಯನ್ನು ಕಿವಿಗೊಟ್ಟು ಕೇಳಬಲ್ಲ ಮಗುವಿಗೆ ವಿಶ್ವವಿದ್ಯಾಲಯದ ಇಂಗ್ಲಿಷ್ ಉಪನ್ಯಾಸವು ಹೊಸ ಪದಗಳ ಕಷ್ಟವನ್ನು ಕೊಟ್ಟೀತೇ ಹೊರತು ಕೇಳುವ ಕಷ್ಟವನ್ನಲ್ಲ. ಇಲ್ಲಿ ಕನ್ನಡವನ್ನು ಬಿಡಿಸಿದ ಮನೆಗಳಲ್ಲಿ ಊರಿನಿಂದ ಬರುವ ಅಜ್ಜಿಯ ದೂರವಾಣಿ ಕರೆಗೆ ಮಗು 'ಹಾಯ್', 'ಬೈ' ಎಂಬೆರಡು ಪದಗಳ ನಡುವೆ ತಡವರಿಸುವುದನ್ನು ನಾವೆಲ್ಲ ನೋಡುತ್ತಲೇ ಇದ್ದೇವೆ.

ಆದುದರಿಂದ ವಾರಾಂತ್ಯದ ನಮ್ಮ ಕನ್ನಡ ತರಗತಿಗೆ ಒಂದು ಅಭ್ಯಾಸವನ್ನು ಸೂಚಿಸುತ್ತೇವೆ. ಶುಕ್ರವಾರ ಮಗುವು ಊರಿನ ಅಜ್ಜಿಗೋ ದೊಡ್ಡಮ್ಮನಿಗೋ ಫೋನು ಮಾಡಿ, ಕೊಟ್ಟೆ ಕಡುಬು ಮಾಡುವ ಬಗೆಯನ್ನು ಕೇಳಲಿ. ಹಲಸಿನ ಎಲೆಯನ್ನು ಹೇಗೆ ಜೋಡಿಸಬೇಕು, ಯಾವುದರಿಂದ ಚುಚ್ಚಬೇಕು, ಹಿಟ್ಟು ಎಷ್ಟು ತುಂಬಬೇಕು, ಎಷ್ಟು ಹೊತ್ತು ಬೇಯಿಸಬೇಕು ಎಂಬುದನ್ನು ಬರೆದುಕೊಳ್ಳದೆ ಆಲಿಸಲಿ. ತಿಳಿಯದಿದ್ದಲ್ಲಿ ತಡೆದು ಕೇಳಲಿ. ಶನಿವಾರ ತರಗತಿಯಲ್ಲಿ ಅದನ್ನು ಕನ್ನಡದಲ್ಲಿ ಹೇಳಲಿ. ಭಾನುವಾರ ಶಾಲೆ ತೆರೆದಾಗ ಪಕ್ಕದ ಬೆಂಚಿನ ಗುಜರಾತಿ ಹುಡುಗಿಗೋ ಪಂಜಾಬಿ ಹುಡುಗನಿಗೋ ಇಂಗ್ಲಿಷಿನಲ್ಲಿ ವಿವರಿಸಲಿ. ಎಲೆಯನ್ನು ಚುಚ್ಚುವ ಕಡ್ಡಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಆ ಮಗುವಿಗೆ ತಿಳಿದಿರುವುದಿಲ್ಲ, ಉಪಾಧ್ಯಾಯರಾದ ನಮಗೂ ಥಟ್ಟನೆ ಹೊಳೆಯದು. ಅಲ್ಲಿ ಅದು ಕೈಸನ್ನೆ ಮಾಡೀತು, ಬಳಸಿ ಹೇಳೀತು. ಗೆಳತಿಯು 'ಯಾವ ಎಲೆ? ಅದನ್ನೂ ತಿನ್ನುತ್ತೀರಾ?' ಎಂದು ಕೇಳಿಯಾಳು.